ಆ ದಿನ ಅಡ್ಡ ಬಂದದ್ದು ನಾಯಿಯಲ್ಲ

ಪ್ರೀತಿಯ ಪುಟ್ಟಿ,

ಭಾನುವಾರ ಸಂಜೆ ಊಟವನ್ನೂ ಮಾಡದೆ ಬಸ್ಸು ಹತ್ತಿಬಿಟ್ಟೆ. ನಿನ್ನ ಅಮ್ಮ ಕಟ್ಟಿದ್ದ ಬುತ್ತಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಉಳಿಯಿತು. ಮೂರು ದಿನವಾಯಿತು, ನಾನೂ ಫೋನ್ ಮಾಡಿಲ್ಲ, ನೀನೂ ಮಾಡಿಲ್ಲ. ಈ ವಿಷಯವನ್ನು ಫೋನಿನಲ್ಲಿ ಎತ್ತಿಕೊಂಡರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹೊರಡುವಾಗ ನೀನು ಕೇಳಿದ ಮಾತು ಕಿವಿಯಿಂದ ಹೋಗುತ್ತಿಲ್ಲ. "ಟ್ರ್ಯಾಕ್ಟರಿನ ಬ್ರೇಕಿಗೆ ಒಂದು ಕೊಂಡಿ ಹಾಕುವುದನ್ನು ಮರೆತದ್ದಕ್ಕೆ ಆಳುಗಳ ಎದುರಿನಲ್ಲಿ ಕೀ ಕಿತ್ತುಕೊಂಡೆ. ಚಿಕ್ಕಪ್ಪನ ಮಗ, ಹದಿನೈದು ವರ್ಷದ ಹುಡುಗ, ಊರೆಲ್ಲ ಓಡಿಸಿದರೂ ಸುಮ್ಮನಿರುತ್ತೀಯ. ನಾನು ಹುಡುಗಿ ಎಂದು ತಾನೆ ಅಪ್ಪ?" ನಾನು ಉತ್ತರ ಕೊಡಲಿಲ್ಲ. ಕೊಡಲು ಹೊರಟಿದ್ದರೆ 11 ವರ್ಷದಿಂದ ಮುಚ್ಚಿಟ್ಟುಕೊಂಡ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತಿತ್ತು.

ನಿನ್ನ ಎಡ ಹುಬ್ಬಿನ ಮೇಲಿನ ಗುರುತಿಗೆ ನಾಯಿ ಕಾರಣವಲ್ಲ, ಪುಟ್ಟಿ. ಆ ಸಂಜೆ ರಸ್ತೆಯಲ್ಲಿ ಯಾವ ನಾಯಿಯೂ ಇರಲಿಲ್ಲ.

ನೀನು ಬಿದ್ದದ್ದು, ಹೊಲಿಗೆ ಹಾಕಿಸಿದ್ದು, ನಿನ್ನ ಅಜ್ಜಿ ಹರಕೆ ಹೊತ್ತದ್ದು ಎಲ್ಲವೂ ನಿನಗೆ ಗೊತ್ತಿದೆ. ಗೊತ್ತಿಲ್ಲದ್ದನ್ನು ಮಾತ್ರ ಹೇಳುತ್ತೇನೆ. ಆ ದಿನ ನಾಲೆಯ ಕೆಳಗಿನ ಗದ್ದೆಯಲ್ಲಿ ಬೆಳಗಿನಿಂದ ಟ್ರ್ಯಾಕ್ಟರಿಗೆ ಕಲ್ಟಿವೇಟರ್ ಕಟ್ಟಿ ಉತ್ತಿದ್ದೆ. ಬದುವಿನ ಬಳಿ ತಿರುಗಿಸುವಾಗ ಒಂದೊಂದೇ ಬ್ರೇಕ್ ತುಳಿಯುವುದನ್ನು ನೀನೂ ಕಲಿತಿದ್ದೀಯ. ಬಲ ಪೆಡಲ್ ತುಳಿದರೆ ಬಲದ ಹಿಂಚಕ್ರ ಮಾತ್ರ ನಿಲ್ಲುತ್ತದೆ, ಗಾಡಿ ನಿಂತಲ್ಲೇ ಬಲಕ್ಕೆ ಹೊರಳುತ್ತದೆ. ಗದ್ದೆಯಲ್ಲಿ ಅದು ಅನುಕೂಲ. ಟಾರು ರಸ್ತೆಗೆ ಹತ್ತುವ ಮೊದಲು ಎರಡೂ ಪೆಡಲ್‌ಗಳನ್ನು ಕೊಂಡಿಯಿಂದ ಒಂದು ಮಾಡಿಕೊಳ್ಳಬೇಕು. ನಾನು ಮಾಡಲಿಲ್ಲ. ಹೊತ್ತು ಮುಳುಗುತ್ತಿತ್ತು, ಮನೆಯಲ್ಲಿ ಹಾಲು ಕರೆಯುವ ಹೊತ್ತಾಗಿತ್ತು. ನೀನು ಕಾಫಿಯ ಚೊಂಬು ಹಿಡಿದು ಗದ್ದೆಗೆ ಬಂದಿದ್ದೆ. ನಿನ್ನನ್ನು ಎತ್ತಿ ಎಡಗಡೆಯ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡೆ.

ತಿರುವಿನಲ್ಲಿ ಎದುರಿಗೆ ಲಾರಿ ಬಂತು. ದಾರಿ ಇಬ್ಬರಿಗೂ ಸಾಕಾಗುವಷ್ಟಿತ್ತು. ನಿಧಾನ ಮಾಡೋಣವೆಂದು ಬ್ರೇಕ್ ಒತ್ತಿದೆ. ಕಾಲಿಗೆ ಸಿಕ್ಕಿದ್ದು ಬಲ ಪೆಡಲ್ ಒಂದೇ. ಟಾಪ್ ಗೇರಿನಲ್ಲಿದ್ದ ಸುಮಾರು ಎರಡು ಟನ್ ತೂಕದ ಗಾಡಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಲಕ್ಕೆ, ಲಾರಿಯ ಮುಂದಕ್ಕೆ ತಿರುಗಿತು. ನೀನು ಎಡಕ್ಕೆ ಹಾರಿ ಹುಲ್ಲಿನ ಅಂಚಿಗೆ ಬಿದ್ದೆ. ಹಿಂದೆ ಎತ್ತಿ ಕಟ್ಟಿದ್ದ ಕಲ್ಟಿವೇಟರ್ ಬೀಸಿಕೊಂಡು ನಿನ್ನ ಪಕ್ಕದಲ್ಲೇ ಹಾದುಹೋಯಿತು. ನಿನ್ನ ಹಸಿರು ಲಂಗದ ಅಂಚು ಹರಿದದ್ದು ಬೇಲಿಗೆ ಸಿಕ್ಕಿ ಎಂದು ಅಮ್ಮನಿಗೆ ಹೇಳಿದ್ದೆ. ಬೇಲಿಯಲ್ಲ, ಅದು ಕಲ್ಟಿವೇಟರಿನ ಹಲ್ಲು.

ಬಲಗಡೆಯ ಮಡ್‌ಗಾರ್ಡ್ ಮೇಲೆ ಕೂರಿಸಿದ್ದರೆ? ಈ ಪ್ರಶ್ನೆಯನ್ನು ಎಷ್ಟು ರಾತ್ರಿ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಎಡಗಡೆ ಕೂರಿಸಬೇಕೆಂದು ಯೋಚಿಸಿ ಕೂರಿಸಿದ್ದಲ್ಲ. ನೀನು ಆ ಕಡೆ ನಿಂತಿದ್ದೆ, ಅಷ್ಟೆ.

ಲಾರಿ ಒಂದು ಮೊಳ ದೂರದಲ್ಲಿ ನಿಂತಿತು. ಚಾಲಕ ಇಳಿದು ಓಡಿ ಬಂದು ನಿನ್ನನ್ನು ಎತ್ತಿದ, ಮುಖಕ್ಕೆ ನೀರು ಹಾಕಿದ, ತನ್ನ ಟವೆಲ್‌ನಿಂದ ಹುಬ್ಬನ್ನು ಒತ್ತಿ ಹಿಡಿದ. ನಾನು ಸೀಟಿನ ಮೇಲೆಯೇ ಕೂತಿದ್ದೆ, ಕಾಲು ನಡುಗುತ್ತಿದ್ದವು. ಆಮೇಲೆ ಆತ ಟ್ರ್ಯಾಕ್ಟರಿನ ಹತ್ತಿರ ಬಂದು, ಪೆಡಲ್‌ಗಳ ಕಡೆ ನೋಡಿ, ಬಗ್ಗಿ, ಸಡಿಲವಾಗಿ ನೇತಾಡುತ್ತಿದ್ದ ಕೊಂಡಿಯನ್ನು ತನ್ನ ಕೈಯಾರೆ ಹಾಕಿದ. ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಇಷ್ಟು ದಿನದಲ್ಲಿ ಮರೆಯುತ್ತಿದ್ದೆನೋ ಏನೋ. ಆ 'ಟಕ್' ಎಂಬ ಸದ್ದು ಇವತ್ತಿಗೂ ಕೇಳಿಸುತ್ತದೆ. ಭಾನುವಾರ ನೀನು ರೋಟಾವೇಟರ್ ಮುಗಿಸಿ ರಸ್ತೆಗೆ ಹತ್ತುತ್ತಿದ್ದಾಗ ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಕೊಂಡಿ ನೇತಾಡುತ್ತಿತ್ತು. ಆಮೇಲೆ ನಾನು ಏನು ಕಿರುಚಿದೆನೆಂದು ನನಗೇ ನೆನಪಿಲ್ಲ.

ನಾಯಿಯ ಕಥೆ ಹುಟ್ಟಿದ್ದು ಆಸ್ಪತ್ರೆಯ ಬಾಗಿಲಲ್ಲಿ. ನಿನ್ನ ಅಮ್ಮ "ಏನಾಯಿತು" ಎಂದಳು, ನನ್ನ ಬಾಯಿಂದ "ನಾಯಿ ಅಡ್ಡ ಬಂತು" ಎಂದು ಬಂತು. ಯಾವ ನಾಯಿ ಎಂದು ನಿನ್ನ ಅಜ್ಜಿ ಕೇಳಿದಾಗ ಬಿಳಿ ಮೈ, ಕಪ್ಪು ಕಿವಿ ಎಂದೆ. ನೀನು ಶಾಲೆಯಲ್ಲಿ ಆ ನಾಯಿಯ ಚಿತ್ರವನ್ನೇ ಬರೆದುಕೊಂಡು ಬಂದೆ. ಕಪ್ಪು ಕಿವಿಗೆ ಎಷ್ಟು ಒತ್ತಿ ಬಣ್ಣ ಹಚ್ಚಿದ್ದೆಯೆಂದರೆ ಹಾಳೆ ಹರಿದಿತ್ತು. ಆ ಹೊತ್ತಿನಲ್ಲಾದರೂ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸು.

ಇನ್ನೂ ಒಂದಿದೆ. ಆ ದಿನ ನನ್ನ ಬಳಿ ಲೈಸೆನ್ಸ್ ಇರಲಿಲ್ಲ. ಟ್ರ್ಯಾಕ್ಟರ್ ಹೊಲದ ಸಾಮಾನು, ಅದಕ್ಕೇಕೆ ಲೈಸೆನ್ಸ್ ಎಂದುಕೊಂಡು ವರ್ಷಗಟ್ಟಲೆ ಓಡಿಸಿದ್ದೆ. ವಿಮೆಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಲಾರಿಯವನಿಗೆ ಏನಾದರೂ ಆಗಿದ್ದರೆ ನಮ್ಮ ಎರಡು ಎಕರೆ ಮಾರಿದರೂ ಪರಿಹಾರಕ್ಕೆ ಸಾಲುತ್ತಿರಲಿಲ್ಲ. ಮರುವಾರವೇ ಹೋಗಿ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದೆ. ನೀನು 18 ತುಂಬಿದ ತಿಂಗಳಲ್ಲೇ ಆರ್‌ಟಿಒ ಕಚೇರಿಗೆ ನಡೆ ಎಂದು ಹಟ ಹಿಡಿದಾಗ ನಾನೇಕೆ ಒಂದು ದಿನವೂ ತಡ ಮಾಡಲಿಲ್ಲವೆಂದು ಈಗ ನಿನಗೆ ಅರ್ಥವಾಗಬಹುದು. ನೀನು ಪಾಸಾಗಿ ಬಂದ ದಿನ ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ನಮ್ಮ ಊರಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಎಷ್ಟು ಗಂಡಸರ ಜೇಬಿನಲ್ಲಿ ಲೈಸೆನ್ಸ್ ಇದೆ, ಹೇಳು. ಟ್ರೇಲರ್ ಕಟ್ಟಿದರೆ ಈ ಲೈಸೆನ್ಸ್ ನಡೆಯುವುದಿಲ್ಲವೆಂದು ಯಾರೋ ಹೆದರಿಸಿದಾಗ, 2001ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಇತ್ಯರ್ಥ ಮಾಡಿದೆ, ಟ್ರೇಲರ್ ಸೇರಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಓಡಿಸುವ ಅರ್ಹತೆ ಹೋಗುವುದಿಲ್ಲ ಎಂದು ನೀನು ಜಗಲಿಯಲ್ಲಿ ಕೂತು ವಿವರಿಸಿದ್ದು ನನಗೆ ಇನ್ನೂ ಹಬ್ಬದ ಹಾಗಿದೆ.

ಚಿಕ್ಕಪ್ಪನ ಮಗನ ವಿಷಯದಲ್ಲಿ ನೀನು ಹೇಳಿದ್ದು ಪೂರ್ತಿ ಸರಿ. ಹುಡುಗನೆಂದು ಕಣ್ಣು ಮುಚ್ಚಿಕೊಂಡೆ, ಒಪ್ಪುತ್ತೇನೆ. ಸೋಮವಾರ ಬೆಳಿಗ್ಗೆಯೇ ಹೋಗಿ ಮಾತನಾಡಿದೆ. 2019ರ ತಿದ್ದುಪಡಿಯ ನಂತರ, ವಯಸ್ಸಾಗದವನ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ತಂದೆ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸೇ ಇಲ್ಲ ಎಂದು ಹೇಳಿದೆ. ಚಿಕ್ಕಪ್ಪ ಜೈಲಿಗೂ ದಂಡಕ್ಕೂ ಜಗ್ಗಲಿಲ್ಲ. ಮಗನಿಗೆ 25ರವರೆಗೆ ಲೈಸೆನ್ಸ್ ಸಿಗುವುದಿಲ್ಲ ಎಂದಾಗ ಮಾತ್ರ ಎದ್ದು ಒಳಗೆ ಹೋಗಿ ಕೀ ತೆಗೆದಿಟ್ಟ.

ಬುದ್ಧಿ ಹೇಳುವುದಿಲ್ಲವೆಂದು ಕೂತವನು ಹೇಳಲೇಬೇಕಾಗಿದೆ, ತಾಳಿಕೋ. ಈ ಹಂಗಾಮಿನಲ್ಲಿ ಕಬ್ಬನ್ನು ಕಾರ್ಖಾನೆಗೆ ನಾನೇ ಸಾಗಿಸುತ್ತೇನೆ ಎಂದಿದ್ದೀಯ. ಸರದಿ ಬರುವಷ್ಟರಲ್ಲಿ ರಾತ್ರಿಯಾಗುತ್ತದೆ. ಕಬ್ಬು ತುಂಬಿದ ಟ್ರೇಲರಿನ ಹಿಂದಿನ ದೀಪವನ್ನು ಸೋಗೆ ಮುಚ್ಚಿರುತ್ತದೆ, ಕೆಂಪು ರಿಫ್ಲೆಕ್ಟರ್ ಮೇಲೆ ಕೆಸರು ಕೂತಿರುತ್ತದೆ. ಹಿಂದಿನಿಂದ ಬರುವ ಬೈಕಿನವನಿಗೆ ನಾವು ಒಂದು ಕಪ್ಪು ಗೋಡೆ, ಅಷ್ಟೆ. ಹೊರಡುವ ಮುನ್ನ ಇಳಿದು, ಹಿಂದಕ್ಕೆ ಹೋಗಿ, ಕೈಯಿಂದ ಒರೆಸಿ ನೋಡು. ಕೆಟ್ಟು ನಿಂತರೆ ಟ್ರೇಲರನ್ನು ಕತ್ತಲಲ್ಲಿ ಬಿಟ್ಟು ಜಾಕ್ ತರಲು ಹೋಗಬೇಡ. ಯಾರನ್ನಾದರೂ ಟಾರ್ಚ್ ಹಿಡಿಸಿ ಹಿಂದೆ ದೂರದಲ್ಲಿ ನಿಲ್ಲಿಸು. ಕಬ್ಬು ಕಡಿಯುವವರು ಟ್ರೇಲರ್ ಮೇಲೆ ಹತ್ತಿಸಿಕೋ ಎಂದು ಗೋಗರೆದರೂ ಬೇಡ. ನಮ್ಮ ಆರ್‌ಸಿಯಲ್ಲಿ ಆಸನ ಒಂದೇ, ಅದು ನಿನ್ನದು.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಹತ್ತುವಂತಿಲ್ಲ, 2023ರ ಆಗಸ್ಟ್ 1ರಿಂದ ನಿಷೇಧವಿದೆ. ಸರ್ವಿಸ್ ರಸ್ತೆ ಸುತ್ತಾದರೂ ಅದರಲ್ಲೇ ಬಾ. ಭತ್ತದ ಗದ್ದೆಯಿಂದ ಕೇಜ್ ವೀಲ್, ಆ ಕೆಸರಿನ ಕಬ್ಬಿಣದ ಚಕ್ರ, ಸಮೇತ ಟಾರಿಗೆ ಬರುವುದು ಬೇಡ. ಬಿಚ್ಚಿ ಹಾಕಲು ಬೇಸರವಾದರೆ ನನ್ನನ್ನು ಕರೆ, ನಾನು ಬಿಚ್ಚುತ್ತೇನೆ. ಮನೆ ಕಟ್ಟುವವರು ಬಾಡಿಗೆಗೆ ಇಟ್ಟಿಗೆ ಹೊಡೆದುಕೊಡು ಎಂದು ಬಂದರೆ ನನ್ನ ಹೆಸರು ಹೇಳಿ ಕಳಿಸಿಬಿಡು. ನಮ್ಮ ವಿಮೆ ಕೃಷಿ ಕೆಲಸಕ್ಕೆ ಮಾಡಿಸಿದ್ದು, ಬಾಡಿಗೆಗಲ್ಲ.

ನೋಡು, ಕ್ಷಮೆ ಕೇಳಲು ಶುರುಮಾಡಿ ಎಲ್ಲಿಗೋ ಬಂದೆ. ಭಾನುವಾರ ನಾನು ಹೇಳಬೇಕಾಗಿದ್ದುದು "ಪುಟ್ಟಿ, ಕೊಂಡಿ" ಎಂಬ ಎರಡೇ ಪದ. ನಿನ್ನ ಕೈಗೆ ಟ್ರ್ಯಾಕ್ಟರ್ ಕೊಟ್ಟದ್ದೇ ತಪ್ಪು ಎಂದುಬಿಟ್ಟೆ, ಅದೂ ನಾಲ್ಕು ಜನರ ಎದುರಿಗೆ. ಆ ನಾಲ್ವರಿಗೂ ಮರುದಿನ ಗದ್ದೆಯಲ್ಲಿ ಹೇಳಿದ್ದೇನೆ: ಅವಳದ್ದು ಮರೆವು, ನನ್ನದು ತಪ್ಪು ಎಂದು. ನೀನು ಸಾಲು ಹೊಡೆಯುವ ರೀತಿ ನನಗಿಂತ ನೇರ. ಅದನ್ನು ಎಂದೂ ನಿನಗೆ ಹೇಳಿಲ್ಲ.

ಟ್ರೇಲರಿನ ಹಿಂದಿನ ದೀಪದ ವೈರನ್ನು ಇಲಿ ಕಡಿದಿದೆ. ಶುಕ್ರವಾರ ಮೆಕ್ಯಾನಿಕ್ ಬರುತ್ತಾನೆ. ಬ್ರೇಕಿನ ಕೊಂಡಿಯ ಸ್ಪ್ರಿಂಗ್ ಸಡಿಲವಾಗಿದೆ, ಅದನ್ನೂ ಹೊಸದು ಹಾಕಿಸುತ್ತೇನೆ. ಶನಿವಾರ ಬರುವುದಾದರೆ ಒಂದು ದಿನ ಮೊದಲು ತಿಳಿಸು. ಅಮ್ಮನಿಗೆ ನಾಯಿಯ ವಿಷಯ ಇನ್ನೂ ಹೇಳಿಲ್ಲ. ನೀನು ಮನೆಗೆ ಬರುವ ಮೊದಲು, ನಾನೊಬ್ಬನೇ ಅವಳಿಗೆ ಹೇಳಬೇಕು.

ನಿನ್ನ ಅಪ್ಪ