ಹದಿನೈದು ತುಂಬಿದ ಹುಡುಗಿಯ ಬಗ್ಗೆ ಅಮ್ಮನಿಗೆ

ಸಲಿನಾಸ್, ಕ್ಯಾಲಿಫೋರ್ನಿಯಾ
ಅಕ್ಟೋಬರ್ ಕೊನೆ ವಾರ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹೇಗಿದೆ? ಮಾತ್ರೆ ಬಿಡದ ಹಾಗೆ ನೋಡಿಕೋ.

ಫೋಟೊ ನೋಡಿ ನೀನು ಕೇಳಿದೆಯಲ್ಲ, "ಕೂಲಿ ಮಾಡೋರು ಮಗಳ ಹುಟ್ಟುಹಬ್ಬಕ್ಕೆ ಇಷ್ಟೊಂದು ಯಾಕೆ ಸುರೀತಾರೆ?" ಅಂತ. ಅವತ್ತು ಫೋನು ಕಟ್ ಆಗಿ ಪೂರ್ತಿ ಹೇಳೋಕಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಬೀದಿಯ ಕೊನೆ ಮನೆಯವರು ಅವರು. ಮೆಕ್ಸಿಕೊದ ವಾಹಾಕ ರಾಜ್ಯದ ಗುಡ್ಡಗಾಡಿಂದ ಬಂದವರು. ಒಂದೇ ಮನೆಯಲ್ಲಿ ಎರಡು ಸಂಸಾರ. ಅಪ್ಪ ಲೆಟ್ಯೂಸ್ ಸೊಪ್ಪು ಕೊಯ್ಯುವ ತಂಡದಲ್ಲಿದ್ದಾನೆ, ಅಮ್ಮ ಸ್ಟ್ರಾಬೆರಿ ಕೀಳುತ್ತಾಳೆ. ಹುಡುಗಿ ಲೆಕ್ಕ ಹೇಳಿಸಿಕೊಳ್ಳೋಕೆ ಶನಿವಾರ ನಮ್ಮನೆಗೆ ಬರುತ್ತಾಳೆ. ಹೆಣ್ಣುಮಕ್ಕಳಿಗೆ 15 ತುಂಬಿದಾಗ ಇವರಲ್ಲಿ ಕಿನ್ಸೆಆನ್ಯೆರಾ ಅಂತ ದೊಡ್ಡ ಹಬ್ಬ ಮಾಡುತ್ತಾರೆ. ಮೊದಲು ಚರ್ಚಿನಲ್ಲಿ ಪೂಜೆ, ಆಮೇಲೆ ಹಾಲ್‌ನಲ್ಲಿ ಊಟ, ಕುಣಿತ. ನೀನು ನೋಡಿದ ಆ ಅಗಲ ಲಂಗ, ಕಿರೀಟ ಎಲ್ಲ ಅದಕ್ಕೇ.

ಈಗ ಖರ್ಚಿನ ವಿಷಯ. ಅಷ್ಟನ್ನೂ ಆ ಅಪ್ಪ ಒಬ್ಬನೇ ಹಾಕಿಲ್ಲ ಅಮ್ಮಾ. ಪಾದ್ರಿನೊ ಅಂತ ನೆಂಟರು, ಪರಿಚಯದವರು ಒಬ್ಬೊಬ್ಬರು ಒಂದೊಂದು ಖರ್ಚು ಹೊರುತ್ತಾರೆ. ನಮ್ಮೂರ ಮದುವೆಯಲ್ಲಿ ಮುಯ್ಯಿ ಮಾಡುತ್ತಾರಲ್ಲ, ಹಾಗೇ. ಬಟ್ಟೆ ಸೋದರತ್ತೆ ಕೊಡಿಸಿದಳು. ಹಾಲ್ ಬಾಡಿಗೆಗೆ ಅವರ ಊರಿನ ನಾಲ್ಕು ಮನೆಯವರು ಸೇರಿ ಕೊಟ್ಟರು. ಕೇಕು ನಮ್ಮದು. ಒಣಮೆಣಸಿನಕಾಯಿ, ಎಳ್ಳು, ಚಾಕೊಲೇಟ್ ಎಲ್ಲ ಹುರಿದು ಅರೆದು ಮಾಡುವ ಒಂದು ಗಟ್ಟಿ ಸಾರಿಗೆ ಹೆಂಗಸರೆಲ್ಲ ಹಿಂದಿನ ರಾತ್ರಿಯಿಡೀ ನಿಂತರು. ಪಡೆದದ್ದನ್ನು ನಾಳೆ ಆಯಾ ಮನೆಯ ಮಕ್ಕಳಿಗೆ ಇವರೂ ತೀರಿಸಬೇಕು.

ಆ ಹುಡುಗಿಗೆ ಇಷ್ಟು ಮಾಡಿದ್ದು ಏನೇನೂ ಜಾಸ್ತಿಯಲ್ಲ ಅಂತ ನನಗನ್ನಿಸುತ್ತೆ. ಯಾಕೆ ಅಂತ ಹೇಳುತ್ತೇನೆ ಕೇಳು.

ಅವಳ ಅಮ್ಮನಿಗೆ ತಮ್ಮ ಗುಡ್ಡಗಾಡಿನ ಮಿಸ್ತೆಕೊ ಭಾಷೆ ಬಿಟ್ಟರೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ, ಇಂಗ್ಲಿಷ್ ಇಲ್ಲವೇ ಇಲ್ಲ. ಮಗಳಿಗೆ 11 ವರ್ಷ ಇದ್ದಾಗ ಅಮ್ಮನ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಮಕ್ಕಳ ಕೈಲಿ ಮಾತು ದಾಟಿಸಬಾರದು ಅಂತ ಇಲ್ಲಿ ನಿಯಮ ಇದೆ. ಆದರೆ ಆಸ್ಪತ್ರೆಯವರಿಗೆ ಫೋನಲ್ಲಿ ಸಿಕ್ಕ ದುಭಾಷಿ ಸ್ಪ್ಯಾನಿಷ್ ಮಾತಾಡುವವರು, ಮಿಸ್ತೆಕೊ ಅಲ್ಲ. ಕೊನೆಗೆ ಡಾಕ್ಟರು ಇವಳ ಕಡೆಗೇ ತಿರುಗಿದರು. "ನಾನು ಮೊದಲು ಕ್ಯಾನ್ಸರ್ ಅಲ್ಲ ಅಂತ ಹೇಳಿದೆ. ಅದಾದ ಮೇಲೆ ಗಡ್ಡೆ ಅಂದೆ. ಡಾಕ್ಟರು ಹೇಳಿದ ಕ್ರಮ ಉಲ್ಟಾ ಇತ್ತು, ಆದರೆ ಅಮ್ಮ ಹೆದರಬಾರದಲ್ವಾ" ಅಂದಳು ನನ್ನ ಹತ್ತಿರ. 11 ವರ್ಷಕ್ಕೆ! ಮನೆ ಬಾಡಿಗೆ ಕಾಗದ, ಬ್ಯಾಂಕು, ತಮ್ಮನ ಶಾಲೆಯ ಮೀಟಿಂಗು ಎಲ್ಲಕ್ಕೂ ಅವಳೇ.

ಬೇಸಿಗೆ ರಜೆಯಲ್ಲಿ ಅಮ್ಮನ ಜೊತೆ ಸ್ಟ್ರಾಬೆರಿಗೂ ಹೋಗುತ್ತಾಳೆ. ಕಾನೂನೇ ಹಾಗಿದೆ. ಈ ದೇಶದಲ್ಲಿ ಅಂಗಡಿ, ಹೋಟೆಲ್ ಕೆಲಸಕ್ಕೆ 14 ಆಗಿರಬೇಕು. ಹೊಲದ ಕೂಲಿಗೆ ಮಾತ್ರ, ತಂದೆತಾಯಿ ಒಪ್ಪಿದರೆ, ಶಾಲೆ ಇಲ್ಲದ ಹೊತ್ತಲ್ಲಿ 12ಕ್ಕೇ ಹೋಗಬಹುದು. ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಹಣ್ಣು ಕೀಳುವುದು ಸುಮ್ನೆ ಕೆಲಸ ಅಲ್ಲ. ತೊಟ್ಟಿನ ಹಸಿರೆಲೆ ಹಣ್ಣಿನಲ್ಲೇ ಉಳಿಯಬೇಕು, ಬೆರಳು ಒತ್ತಿ ಕಲೆ ಆಗಬಾರದು. ಅಂಗಡಿಯಲ್ಲಿ ಮಾರುವ ಪ್ಲಾಸ್ಟಿಕ್ ಡಬ್ಬಿಗೆ ಅಲ್ಲೇ ಸಾಲಲ್ಲಿ ಬಗ್ಗಿಕೊಂಡೇ ಜೋಡಿಸಬೇಕು.

ಹಬ್ಬದ ದಿನ ಒಂದು ಶಾಸ್ತ್ರ ಇದೆ. ಅಪ್ಪ ಮಗಳ ಚಪ್ಪಟೆ ಚಪ್ಪಲಿ ಬಿಚ್ಚಿ ಹೈ ಹೀಲ್ಸ್ ತೊಡಿಸಬೇಕು, ಇನ್ನು ದೊಡ್ಡವಳಾದಳು ಅಂತ. ಆ ಮನುಷ್ಯ ಮಂಡಿಯೂರಿ ಕೂತ. ಚಾಕು ಹಿಡಿದೂ ಹಿಡಿದೂ ಅವನ ಬೆರಳು ಪೂರ್ತಿ ಮಡಚುವುದಿಲ್ಲ, ಬಕಲ್ ಹಾಕೋಕೇ ಬರಲಿಲ್ಲ. ಹುಡುಗಿ ಅಭ್ಯಾಸಬಲದಿಂದ ತಾನೇ ಹಾಕಿಕೊಳ್ಳೋಕೆ ಬಗ್ಗಿದಳು. ಅವನು ಅವಳ ಕೈ ಸರಿಸಿ, ಎಷ್ಟೋ ಹೊತ್ತು ಒದ್ದಾಡಿ ತಾನೇ ಹಾಕಿದ. ಅಷ್ಟು ಹೊತ್ತೂ ಅವಳು ಏನೂ ಮಾಡದೆ ರಾಣಿಯಂತೆ ಕೂತಿದ್ದಳು. ಅವಳನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

ಈಗ ಅವರ ಮನೆಯಲ್ಲಿ ಬೇರೆ ಮಾತು ನಡೆದಿದೆ. ನವೆಂಬರ್‌ನಲ್ಲಿ ಇಲ್ಲಿ ಸೊಪ್ಪಿನ ಕೆಲಸ ಮುಗಿಯುತ್ತೆ. ಚಳಿಗಾಲದ ಬೆಳೆ ಅರಿಜೋನಾದ ಯೂಮಾದಲ್ಲಿ, ಇಲ್ಲಿಂದ ಸುಮಾರು 900 ಕಿಲೋಮೀಟರ್. ಪ್ರತಿ ವರ್ಷ ಸಂಸಾರ ಸಮೇತ ಹೋಗಿ ವಸಂತದಲ್ಲಿ ಬರುತ್ತಿದ್ದರು. ಶಾಲೆ ಎರಡು ಸಲ ಬದಲು, ಪಾಠ ಅರ್ಧಂಬರ್ಧ. ಈ ಸಲ ಹುಡುಗಿ ಬರಲ್ಲ ಅಂದಿದ್ದಾಳೆ. ಚಿಕ್ಕಮ್ಮನ ಹತ್ತಿರ ಇದ್ದು ಇಲ್ಲೇ ಓದುತ್ತಾಳಂತೆ. ಅವಳಿಲ್ಲದೆ ಯೂಮಾದಲ್ಲಿ ಯಾರು ಮಾತಾಡುತ್ತಾರೆ ಅಂತ ಅಮ್ಮ ಅತ್ತಳು. ವಲಸೆ ಕೂಲಿಗಾರರ ಮಕ್ಕಳಿಗೆ ಅಂತಲೇ 1966ರಿಂದ ಫೆಡರಲ್ ಸರ್ಕಾರದ ಶಿಕ್ಷಣ ಯೋಜನೆ ಇದೆ. ಅದರ ಟೀಚರ್ ಮನೆಗೇ ಬಂದು ಅಪ್ಪನನ್ನು ಒಪ್ಪಿಸಿದರು. ಆ ಮಾತನ್ನೂ ಅಮ್ಮನಿಗೆ ದಾಟಿಸಿದ್ದು ಇವಳೇ. ಒಂದಕ್ಷರ ಹಿಂದೆಮುಂದೆ ಮಾಡದೆ ಹೇಳಿದಳಂತೆ.

ಇನ್ನು ಮೇಲೆ ಶನಿವಾರದ ಜೊತೆ ಭಾನುವಾರವೂ ನಮ್ಮಲ್ಲೇ ಊಟ ಮಾಡಲಿ ಅಂತ ಇವರೂ ಹೇಳಿದ್ದಾರೆ. ನಿನ್ನ ಶೇಂಗಾ ಚಟ್ನಿಪುಡಿ ಅವಳಿಗೆ ತುಂಬಾ ಹಿಡಿಸಿದೆ, ಅವರ ಮನೆ ರೊಟ್ಟಿಗೂ ಹಚ್ಚಿಕೊಂಡು ತಿನ್ನುತ್ತಾಳೆ. ಡಿಸೆಂಬರ್‌ನಲ್ಲಿ ಭಾವ ಬರುವಾಗ ಸ್ವಲ್ಪ ಜಾಸ್ತಿ ಕಳಿಸು. ಖಾರ ಕಮ್ಮಿ ಮಾಡಬೇಡ.

ಅಪ್ಪನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ ಮಗಳು