ಅಕ್ಷರ ಕೊಡುವಾಗ ನಿಯಮವನ್ನೂ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ವಾರಕ್ಕೊಮ್ಮೆ ಬರುವ, ಕೊಟ್ಟ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವ ಚೌಕ ನಮ್ಮ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ತುಂಬ ಪ್ರಯೋಜನದ್ದು. ಅದು ನಿಲ್ಲಬಾರದು. ಆದರೆ ಈಚೆಗೆ ಅದನ್ನು ತಯಾರಿಸುವಾಗ ಬೇಕಾದಷ್ಟು ಗಮನ ಕೊಡುತ್ತಿಲ್ಲ ಎಂದು ಕಾಣುತ್ತದೆ.

ಮೊದಲ ತಕರಾರು ನಿಯಮದ್ದು. ಎ, ಆರ್, ಟಿ ಎಂದು ಮೂರು ಅಕ್ಷರ ಕೊಟ್ಟು ‘ಪದಗಳನ್ನು ಬರೆಯಿರಿ’ ಎಂದಷ್ಟೇ ಹೇಳಿದರೆ ಮಗು ಏನು ಮಾಡಬೇಕು? ಆ ಮೂರನ್ನೇ ಹಿಂದೆ ಮುಂದೆ ಮಾಡಿದರೆ ರ‍್ಯಾಟ್, ಆರ್ಟ್, ಟಾರ್. ಅಲ್ಲಿಗೆ ಮುಗಿಯಿತು. ಪದದೊಳಗೆ ಆ ಮೂರೂ ಎಲ್ಲಾದರೂ ಇದ್ದರೆ ಸಾಕು ಎಂದಾದರೆ ವಾಟರ್, ಟ್ರೈನ್, ಮಾರ್ಕೆಟ್ ಎಲ್ಲವೂ ಸರಿ. ಅದೇ ಕ್ರಮದಲ್ಲಿ ಒಟ್ಟೊಟ್ಟಿಗೇ ಇರಬೇಕು ಎಂದರೆ ವಾಟರ್ ಹೋಯಿತು. ಪಾರ್ಟಿ, ಅರ್ತ್, ಹಾರ್ಟ್ ಉಳಿದವು. ಕೊಟ್ಟ ಟಿ ಒಂದೇ ಇರುವಾಗ ಅದನ್ನು ಎರಡು ಸಲ ಬಳಸಿ ಟಾರ್ಟ್ ಎಂದು ಬರೆಯಬಹುದೋ ಇಲ್ಲವೋ ಎಂಬುದು ಇನ್ನೊಂದು ಪ್ರಶ್ನೆ. ಇವೆಲ್ಲ ಬೇರೆ ಬೇರೆ ಆಟಗಳು. ಯಾವುದನ್ನು ಆಡಿಸುತ್ತಿದ್ದೀರಿ ಎಂದು ಒಂದು ಸಾಲು ಅಚ್ಚು ಮಾಡಲು ಎಷ್ಟು ಜಾಗ ಬೇಕು?

ಎರಡನೆಯದು ಉತ್ತರಗಳು. ಯಾವುದೋ ಕಂಪ್ಯೂಟರ್ ಪಟ್ಟಿಯಿಂದ ಹಾಗೇ ಇಳಿಸಿದಂತೆ ಕಾಣುತ್ತವೆ. ಕ್ಯು ಮತ್ತು ಐ ಸೇರಿ ಒಂದು ಪದ, ಝಡ್ ಮತ್ತು ಎ ಸೇರಿ ಒಂದು, ಬರೇ ಎರಡು ಎ ಸೇರಿ ಇನ್ನೊಂದು. ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಎಂಬ ಆಟದ ಪಂದ್ಯ ಆಡುವವರ ಪಟ್ಟಿಯಲ್ಲಿ ಇವೆಲ್ಲ ಇವೆ, ನಿಜ. ಕೊನೆಯದು ಹವಾಯಿ ದ್ವೀಪದ ಒರಟು ಲಾವಾದ ಹೆಸರು. ಆದರೆ ಐದನೇ ಕ್ಲಾಸಿನ ಮಗುವಿಗೆ ಇವು ಯಾತಕ್ಕೆ? ಅರ್ಥವನ್ನೂ ನೀವು ಕೊಡುವುದಿಲ್ಲ. ಇಂಥ ಉತ್ತರ ನೋಡಿದ ಮಗು ‘ಇದು ನನ್ನಿಂದಾಗುವುದಲ್ಲ’ ಎಂದು ಪೇಪರನ್ನು ಅತ್ತ ಇಡುತ್ತದೆ.

ನಾನು ಕಾಸರಗೋಡಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಮದುವೆ ಕಾಗದ, ನೋಟೀಸು, ಬಿಲ್ ಪುಸ್ತಕ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ. ಮೊಳೆಗಳನ್ನಿಡುವ ಖಾನೆಗಳ ತಟ್ಟೆಗೆ ಕೇಸು ಎನ್ನುತ್ತಾರೆ. ಇಂಗ್ಲಿಷ್ ಕೇಸಿನಲ್ಲಿ ಚಿಕ್ಕ ಇ ಅಕ್ಷರದ ಖಾನೆಯೇ ಎಲ್ಲಕ್ಕಿಂತ ದೊಡ್ಡದು, ಅದೂ ಕೈಗೆ ತೀರಾ ಹತ್ತಿರ. ಕ್ಯು, ಝಡ್, ಎಕ್ಸ್ ಅಂಚಿನ ಸಣ್ಣ ಖಾನೆಗಳಲ್ಲಿ. ಯಾವ ಅಕ್ಷರ ಎಷ್ಟು ಬೇಕಾಗುತ್ತದೆ ಎಂಬುದನ್ನು ಕೇಸೇ ಕಲಿಸುತ್ತಿತ್ತು. ತಂತಿ ಸಂದೇಶಕ್ಕಾಗಿ ಚುಕ್ಕೆ, ಗೆರೆಗಳ ಮೋರ್ಸ್ ಸಂಕೇತ ರೂಪಿಸುವಾಗ ಮೋರ್ಸನ ಸಹಾಯಕ ಆಲ್‌ಫ್ರೆಡ್ ವೇಲ್ ಅಮೆರಿಕದ ಒಂದು ಪತ್ರಿಕೆಯ ಅಚ್ಚುಕೂಟದಲ್ಲಿ ಮೊಳೆಗಳನ್ನು ಲೆಕ್ಕ ಹಾಕಿದನೆಂದು ಹೇಳುತ್ತಾರೆ. ಇ ಅಕ್ಷರಕ್ಕೆ ಒಂದೇ ಚುಕ್ಕೆ, ಟಿ ಅಕ್ಷರಕ್ಕೆ ಒಂದೇ ಗೆರೆ ಸಿಕ್ಕಿದ್ದು ಹಾಗೆ. 1930ರ ದಶಕದಲ್ಲಿ ಸ್ಕ್ರ್ಯಾಬಲ್ ಆಟ ಕಟ್ಟಿದ ಆಲ್‌ಫ್ರೆಡ್ ಬಟ್ಸ್ ಕೂಡ ಪತ್ರಿಕೆಯ ಪುಟಗಳಲ್ಲೇ ಅಕ್ಷರ ಎಣಿಸಿದವರು. ಅದರ ಇಂಗ್ಲಿಷ್ ಆಟದ 100 ಬಿಲ್ಲೆಗಳಲ್ಲಿ 12 ಇ ಇವೆ, ಕ್ಯು ಒಂದೇ. ಹೀಗೆ ಪತ್ರಿಕೆಯ ಅಕ್ಷರಗಳಿಂದಲೇ ಹುಟ್ಟಿದ ಆಟಕ್ಕೆ ಪತ್ರಿಕೆಯೇ ಸ್ವರವೇ ಸಿಗದಂತೆ ಅಕ್ಷರ ಆರಿಸಿ ಕೊಟ್ಟರೆ ಹೇಗೆ?

ಒಳ್ಳೆಯ ಚೌಕ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಏಳನೇ ಕ್ಲಾಸಿನ ಮೊಮ್ಮಗಳಿಗೆ ನಾನು ಟೀಚರ್ ಎಂಬ ಪದದ ಏಳು ಅಕ್ಷರಗಳನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕತ್ತರಿಸಿ ಕೊಟ್ಟೆ. ಕೊಟ್ಟಷ್ಟೇ ಸಲ ಬಳಸಬೇಕು, ಮೂರಕ್ಕಿಂತ ಕಡಿಮೆ ಅಕ್ಷರದ ಪದ ಬೇಡ. ಟೀ, ಈಟ್, ಇಯರ್ ಕೂಡಲೇ ಬಂದವು. ಸಿ ಮತ್ತು ಎಚ್ ಒಟ್ಟಿಗೆ ಹಿಡಿದುಕೋ ಎಂದೆ. ಈಚ್, ರೀಚ್, ಟೀಚ್, ಚಾರ್ಟ್ ಸಾಲಾಗಿ ಬಂದವು. ಇ ಎರಡಿದೆ ನೋಡು ಎಂದದ್ದಕ್ಕೆ ಟ್ರೀ, ತ್ರೀ, ಹಿಯರ್, ದೇರ್, ಕ್ರಿಯೇಟ್. ಏಳನ್ನೂ ಸೇರಿಸಿ ಬೇರೊಂದು ಪದವಾಗುತ್ತದೋ ಎಂದು ಕೇಳಿದಾಗ ಬಹಳ ಹೊತ್ತು ಕುಳಿತಳು. ನಾನು ಗ್ರಾಮ ಕಚೇರಿಯ ಭೂತೆರಿಗೆ ರಶೀದಿಯನ್ನು ಮೇಜಿನ ಮೇಲಿಟ್ಟೆ. ನಮ್ಮಲ್ಲಿ ಬಾಯಿಮಾತಿಗೆ ಸೆಂಟ್ಸು, ಎಕರೆ, ರಶೀದಿಯಲ್ಲಿ ಹೆಕ್ಟೇರ್. ಅವಳು ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದೇ ಹೊಂದಿಸಿ ‘ಅಜ್ಜಾ, ಏಳೂ ಉಂಟು!’ ಎಂದಳು. ಆ ಸ್ಪೆಲಿಂಗನ್ನು ಅವಳಿಗೆ ಇನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮೊಬೈಲಿನಲ್ಲಿ ಅಕ್ಷರ ಒತ್ತಿದರೆ ಇಡೀ ಪಟ್ಟಿ ಕ್ಷಣದಲ್ಲಿ ಬರುತ್ತದೆ, ಗೊತ್ತು. ಅದು ಮಾಡುವ ಕೆಲಸವನ್ನು ಮಕ್ಕಳೂ ಮಾಡಬಹುದು. ಲಿಸನ್ ಎಂಬ ಪದದ ಅಕ್ಷರಗಳನ್ನು ಅಕಾರಾದಿಯಾಗಿ ಇಟ್ಟರೆ ಇ, ಐ, ಎಲ್, ಎನ್, ಎಸ್, ಟಿ. ಸೈಲೆಂಟ್ ಇಟ್ಟರೂ ಅದೇ, ಎನ್‌ಲಿಸ್ಟ್ ಇಟ್ಟರೂ ಅದೇ. ಹೀಗೆ ಜೋಡಿಸಿ ನೋಡುವಾಗಲೇ ಲಿಸನ್ ಪದದಲ್ಲಿ ಕಿವಿಗೆ ಬೀಳದ ಒಂದು ಟಿ ಇದೆಯೆಂದು ಕಣ್ಣಿಗೆ ಬೀಳುತ್ತದೆ. ಬರೆದಂತೆ ಓದುವ ಕನ್ನಡದಲ್ಲಿ ಅಕ್ಷರ ಕಲಿತ ಮಗುವಿಗೆ ಇಂಗ್ಲಿಷ್ ಕಷ್ಟವಾಗುವುದು ಇಲ್ಲೇ. ಮೊಬೈಲನ್ನು ಕೊನೆಗೆ, ತಾಳೆ ನೋಡಲು ಬಳಸಲಿ.

ನಮ್ಮ ಮಕ್ಕಳು ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್ ಎಂದು ನಾಲ್ಕು ಲಿಪಿ ಹೊರುವವರು. ಇಂಗ್ಲಿಷಿನ ಹೆದರಿಕೆಯಿಂದಲೇ ಎಷ್ಟೋ ತಂದೆತಾಯಿ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುತ್ತಿದ್ದಾರೆ. ಕನ್ನಡ ಪತ್ರಿಕೆಯೊಂದು ಆ ಹೆದರಿಕೆಯನ್ನು ಕಡಿಮೆ ಮಾಡಿದರೆ ಅದು ಕನ್ನಡ ಶಾಲೆಗೇ ಮಾಡಿದ ಉಪಕಾರ.

ಆದ್ದರಿಂದ ಪದಗಳನ್ನು ಮಕ್ಕಳ ಪಾಠಪುಸ್ತಕದಿಂದಲೇ ಆರಿಸಿ. ನಿಯಮವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಿರಿ. ಮುಂದಿನ ವಾರದ ಉತ್ತರಗಳ ಪಕ್ಕದಲ್ಲಿ ಕನ್ನಡ ಅರ್ಥ ಇರಲಿ. ಇನ್ನೊಂದು ಮಾತು: ಉತ್ತರ ಕಳಿಸಲು ನೀವು ಕೊಡುವ ಗಡುವಿನೊಳಗೆ ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳ ಅಂಚೆ ಕಾರ್ಡು ನಿಮ್ಮ ಕಚೇರಿಗೆ ಮುಟ್ಟುವುದಿಲ್ಲ. ಅದನ್ನು ಒಂದು ವಾರ ಮುಂದಕ್ಕೆ ಹಾಕಿ, ಸರಿಯುತ್ತರ ಬರೆದವರ ಹೆಸರಿನ ಜೊತೆ ಅವರ ಶಾಲೆಯ ಹೆಸರನ್ನೂ ಅಚ್ಚು ಮಾಡಬೇಕಾಗಿ ವಿನಂತಿ.

– ನಿವೃತ್ತ ಕಂಪೋಸಿಟರ್, ಬದಿಯಡ್ಕ, ಕಾಸರಗೋಡು ಜಿಲ್ಲೆ