ಪೆಟ್ಟಿಗೆ ಯಾವುದಾದರೇನು, ಕೀಲಿ ಯಾರ ಕೈಲಿದೆ?

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳ ಮುಂದಿನ ದಿನಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಇನ್ನು ಹತ್ತು ವರ್ಷ ಕಳೆದರೆ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ) ಇರುವುದಿಲ್ಲ, ಗೇಮಿಂಗ್ ಪಿಸಿ ಇರುವುದಿಲ್ಲ, ಒಂದು ಟಿವಿ ಒಂದು ಕಂಟ್ರೋಲರ್ ಇದ್ದರೆ ಸಾಕು, ಮಿಕ್ಕಿದ್ದೆಲ್ಲ ಕ್ಲೌಡ್, ಅಂದರೆ ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರ್, ನೋಡಿಕೊಳ್ಳುತ್ತದೆ ಅಂತ ಬರೆದಿದ್ದಾರೆ. ಓದುತ್ತಾ ನಗು ಬಂತು. ಇದೇ ಮಾತನ್ನು ನಾನು 2010ರಲ್ಲೂ ಕೇಳಿದ್ದೆ. ಆಗ ಆನ್‌ಲೈವ್ ಅಂತ ಒಂದು ಸೇವೆ ಶುರುವಾಗಿತ್ತು. ಗೇಮ್ ಓಡುವುದು ದೂರದ ಸರ್ವರ್‌ನಲ್ಲಿ, ಮನೆಗೆ ಬರುವುದು ಬರೀ ವಿಡಿಯೊ, ಇನ್ನು ಕನ್ಸೋಲ್ ಕಥೆ ಮುಗೀತು ಅಂದರು. 2015ರಲ್ಲಿ ಆನ್‌ಲೈವ್ ಕಥೆಯೇ ಮುಗಿಯಿತು. ಅದರ ಪೇಟೆಂಟ್‌ಗಳನ್ನು ಕೊಂಡಿದ್ದು ಯಾರು ಗೊತ್ತಾ? ಕನ್ಸೋಲ್ ಮಾಡುವ ಸೋನಿ!

ಆಮೇಲೆ ಗೂಗಲ್ ಬಂತು. 2019ರ ನವೆಂಬರ್‌ನಲ್ಲಿ ಸ್ಟೇಡಿಯಾ ಅಂತ ಅದೇ ಥರದ ಸೇವೆ ಶುರು ಮಾಡಿತು. ಗೂಗಲ್ ಹತ್ತಿರ ದುಡ್ಡಿರಲಿಲ್ಲವೇ, ಡೇಟಾ ಸೆಂಟರ್ ಇರಲಿಲ್ಲವೇ, ಎಂಜಿನಿಯರ್‌ಗಳಿರಲಿಲ್ಲವೇ? ಎಲ್ಲ ಇತ್ತು. ಆದರೂ 2023ರ ಜನವರಿ 18ಕ್ಕೆ ಬಾಗಿಲು ಹಾಕಿತು. ಪುಣ್ಯಕ್ಕೆ ಗೇಮ್‌ಗಳಿಗೆ ಜನ ಕೊಟ್ಟಿದ್ದ ದುಡ್ಡು ವಾಪಸ್ ಕೊಟ್ಟರು, ಕಂಟ್ರೋಲರ್ ಬೇರೆ ಕಡೆ ಬ್ಲೂಟೂತ್‌ನಲ್ಲಿ ನಡೆಯುವ ಹಾಗೂ ಮಾಡಿಕೊಟ್ಟರು. ಇಷ್ಟು ಮರ್ಯಾದೆಯಾಗಿ ಅಂಗಡಿ ಮುಚ್ಚಿದವರು ಈ ಧಂದೆಯಲ್ಲಿ ಕಡಿಮೆ, ಅದನ್ನು ಒಪ್ಪಬೇಕು.

ಲೇಖಕರು ಸಿನಿಮಾ ಸ್ಟ್ರೀಮಿಂಗ್‌ನ ಉದಾಹರಣೆ ಕೊಟ್ಟಿದ್ದಾರೆ. ಡಿವಿಡಿ ಹೋಯಿತು, ಹಾಗೇ ಗೇಮ್ ಡಿಸ್ಕೂ ಹೋಗುತ್ತದೆ, ಎಲ್ಲ ಸ್ಟ್ರೀಮ್ ಆಗುತ್ತದೆ ಅಂತ. ಎಡವಿದ್ದು ಇಲ್ಲೇ. ಸಿನಿಮಾದಲ್ಲಿ ಮುಂದಿನ ಅರ್ಧ ನಿಮಿಷ ಏನಾಗುತ್ತದೆ ಅಂತ ಸರ್ವರ್‌ಗೆ ಮೊದಲೇ ಗೊತ್ತು, ಅದನ್ನು ತಂದು ಇಟ್ಟುಕೊಂಡಿರಬಹುದು, ನೆಟ್ ಒಂದು ಕ್ಷಣ ತಡವರಿಸಿದರೂ ನಮಗೆ ತಿಳಿಯುವುದಿಲ್ಲ. ಗೇಮ್‌ನಲ್ಲಿ ನಾನು ಮುಂದೆ ಯಾವ ಬಟನ್ ಒತ್ತುತ್ತೇನೆ ಅಂತ ನನಗೇ ಗೊತ್ತಿರುವುದಿಲ್ಲ, ಸರ್ವರ್‌ಗೆ ಹೇಗೆ ಗೊತ್ತಾಗಬೇಕು? ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಗೇಮ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 1000 ಕಿ.ಮೀ. ದೂರ ಇದ್ದರೆ ಹೋಗಿ ಬರುವುದಕ್ಕೇ 10 ಮಿಲಿಸೆಕೆಂಡ್ ಆಯಿತು. ಅದೂ ಕೇಬಲ್ ನೆಟ್ಟಗೆ ಗೆರೆ ಎಳೆದ ಹಾಗೆ ಇದ್ದರೆ ಮಾತ್ರ. ಅದರ ಮೇಲೆ ಅಲ್ಲಿ ವಿಡಿಯೊ ಕಂಪ್ರೆಸ್ ಮಾಡಬೇಕು, ಇಲ್ಲಿ ಬಿಡಿಸಬೇಕು, ನಡುವೆ ರೂಟರ್‌ಗಳು, ಮನೆಯ ವೈಫೈ, ಟಿವಿಯದೇ ಒಂದಿಷ್ಟು ತಡ. ಕಂಪ್ರೆಸ್ ಮಾಡುವ ಚಿಪ್ ಇನ್ನೂ ಚುರುಕಾಗಬಹುದು, ಸರ್ವರ್ ಹತ್ತಿರ ತಂದಿಡಬಹುದು. ಬೆಳಕಿಗೆ ಮಾತ್ರ ಇನ್ನೂ ಜೋರಾಗಿ ಓಡು ಅಂತ ಹೇಳುವುದಕ್ಕೆ ಯಾವ ಕಂಪನಿಗೂ ಆಗುವುದಿಲ್ಲ.

ಇನ್ನು ಲೆಕ್ಕಾಚಾರ. ಸಿನಿಮಾದ ಒಂದೇ ಫೈಲನ್ನು ಲಕ್ಷ ಜನಕ್ಕೆ ಹಂಚಬಹುದು. ಕ್ಲೌಡ್ ಗೇಮಿಂಗ್‌ನಲ್ಲಿ ಆಡುತ್ತಿರುವ ಪ್ರತಿಯೊಬ್ಬರಿಗೂ ಒಂದೊಂದು ಗ್ರಾಫಿಕ್ಸ್ ಚಿಪ್ಪಿನ ಪಾಲು ಕೊಡಲೇಬೇಕು, ಅದರ ಕರೆಂಟ್ ಬಿಲ್ಲು ಕಟ್ಟಲೇಬೇಕು. ಎಲ್ಲರೂ ಆಡುವುದಕ್ಕೆ ಬರುವುದು ಸಂಜೆ ಹೊತ್ತಿಗೇ. ಎನ್‌ವಿಡಿಯಾದ ಜೀಫೋರ್ಸ್ ನೌ ಈಗಿರುವ ಕ್ಲೌಡ್ ಸೇವೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಯಾಕೆಂದರೆ ಬೇರೆ ಅಂಗಡಿಯಲ್ಲಿ ನಾವೇ ಕೊಂಡಿಟ್ಟ ಗೇಮ್‌ಗಳನ್ನು ಅಲ್ಲಿ ಆಡಬಹುದು. ಅವರೇ 2025ರಿಂದ ದುಡ್ಡು ಕೊಡುವ ಹೊಸ ಸದಸ್ಯರಿಗೂ ತಿಂಗಳಿಗೆ 100 ಗಂಟೆ ಅಂತ ಮಿತಿ ಹಾಕಿದ್ದಾರೆ. ಚಿಪ್ ಮಾಡುವವರಿಗೇ ಚಿಪ್ ಸಾಲದು ಅಂದರೆ ನೋಡಿ. ನಮ್ಮ ಕಡೆಯ ಖರ್ಚೂ ಕಡಿಮೆಯಲ್ಲ. 20 ಎಂಬಿಪಿಎಸ್‌ನಲ್ಲಿ ಆಡಿದರೆ ಗಂಟೆಗೆ 9 ಜಿಬಿ ಡೇಟಾ ಹೋಗುತ್ತದೆ. ಹತ್ತು ಗಂಟೆ ಆಡಿದರೆ 90 ಜಿಬಿ, ಅಷ್ಟರಲ್ಲಿ ಇಡೀ ಗೇಮನ್ನೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದಿತ್ತಲ್ವಾ!

ಹಾಗಂತ ಕ್ಲೌಡ್ ದಂಡ ಅಂತ ನಾನು ಹೇಳುತ್ತಿಲ್ಲ. 100 ಜಿಬಿ ಇಳಿಸಿಕೊಳ್ಳುವ ಮೊದಲು ಗೇಮ್ ಹೇಗಿದೆ ಅಂತ ಹತ್ತು ನಿಮಿಷ ನೋಡುವುದಕ್ಕೆ, ಸರದಿಯಲ್ಲಿ ಆಡುವ ನಿಧಾನದ ಗೇಮ್‌ಗಳಿಗೆ, ಹಳೇ ಲ್ಯಾಪ್‌ಟಾಪ್ ಬಿಟ್ಟರೆ ಬೇರೇನೂ ಇಲ್ಲದವರಿಗೆ ಅದು ಒಳ್ಳೆಯದೇ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ನೋಡಿ. ಇಡೀ ಭೂಮಿಯ ನಕ್ಷೆ, ಚಿತ್ರಗಳು ಸುಮಾರು 2 ಪೆಟಾಬೈಟ್, ಅಂದರೆ 20 ಲಕ್ಷ ಜಿಬಿ. ಅದು ಯಾರ ಮನೆಯ ಡಿಸ್ಕಿನಲ್ಲೂ ಹಿಡಿಸುವುದಿಲ್ಲ. ಹಾಗಾಗಿ ನಿಮ್ಮ ವಿಮಾನ ಎಲ್ಲಿ ಹಾರುತ್ತಿದೆಯೋ ಅಲ್ಲಿನ ನೆಲ ಮಾತ್ರ ನೆಟ್‌ನಿಂದ ಇಳಿದು ಬರುತ್ತದೆ, ವಿಮಾನ ಹಾರಿಸುವ ಲೆಕ್ಕ ನಿಮ್ಮ ಮೆಷಿನ್ನಿನಲ್ಲೇ ನಡೆಯುತ್ತದೆ. ನನಗೆ ಕ್ಲೌಡ್ ಅಂದರೆ ಇದು. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ ಇರಲಿ, ಅದೇ ಊಟ ಆಗುವುದು ಬೇಡ.

ಲೇಖನದಲ್ಲಿ ಹ್ಯಾಂಡ್‌ಹೆಲ್ಡ್‌ಗಳ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳ) ಬಗ್ಗೆ ಇದ್ದದ್ದು ಎರಡೇ ಸಾಲು, ಅದೇ ನನಗೆ ಬೇಜಾರು. ಕಳೆದ ಹತ್ತು ವರ್ಷದಲ್ಲಿ ನಾವು ಆಡುವ ರೀತಿ ನಿಜವಾಗಿ ಬದಲಾದದ್ದು ಅಲ್ಲೇ. 2017ರಲ್ಲಿ ನಿಂಟೆಂಡೊ ಸ್ವಿಚ್ ಬಂತು, 2022ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಬಂತು. ಡೆಕ್ ಬಗ್ಗೆ ಜನ ಅದರ ಗ್ರಾಫಿಕ್ಸ್ ಹೇಗೆ, ಫ್ರೇಮ್ ಎಷ್ಟು ಅಂತ ಕೇಳುತ್ತಾರೆ. ನಾನು ಹೇಳುವುದು ಅದರ ಮೇಲಿನ ಪವರ್ ಬಟನ್ ಬಗ್ಗೆ. ಆಟದ ನಡುವೆ ಒಮ್ಮೆ ಒತ್ತಿದರೆ ಮಲಗುತ್ತದೆ, ಮಾರನೇ ದಿನ ಒತ್ತಿದರೆ ಬಿಟ್ಟ ಜಾಗದಿಂದಲೇ ಶುರು. ಕೆಲಸ, ಸಂಸಾರ ಅಂತ ಓಡಾಡುವವರಿಗೆ ದಿನಕ್ಕೆ ಸಿಗುವುದೇ ಇಪ್ಪತ್ತು ನಿಮಿಷ. ಪಿಸಿ ಆನ್ ಮಾಡಿ, ಅಪ್‌ಡೇಟ್ ಮುಗಿಸಿ, ಲಾಗಿನ್ ಆಗಿ, ಮೂರು ಕಂಪನಿಗಳ ಲೋಗೊ ನೋಡುವಷ್ಟರಲ್ಲಿ ಆ ಇಪ್ಪತ್ತು ನಿಮಿಷದಲ್ಲಿ ಅರ್ಧ ಹೋಗಿರುತ್ತದೆ. ಎಂಟು ಕೋರ್ ಪ್ರೊಸೆಸರ್ ಕೊಡದ ಸುಖವನ್ನು ಆ ಒಂದು ಬಟನ್ ಕೊಟ್ಟಿತು.

ಇನ್ನೊಂದು ವಿಷಯ, ಡೆಕ್ ಓಡುವುದು ವಿಂಡೋಸ್ ಮೇಲಲ್ಲ, ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಮೇಲೆ. ವಿಂಡೋಸ್‌ಗೆ ಬರೆದ ಗೇಮ್‌ಗಳನ್ನು ಪ್ರೋಟಾನ್ ಅನ್ನುವ ಪದರದ ಮೂಲಕ ಓಡಿಸುತ್ತದೆ. ಲಿನಕ್ಸ್‌ನಲ್ಲಿ ಗೇಮ್ ಆಡುತ್ತೇನೆ ಅಂದರೆ ಜನ ನಗುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ, ಆ ನಗೆಗೆ ಗುರಿಯಾದವರಲ್ಲಿ ನಾನೂ ಒಬ್ಬ. ಹಾಗಂತ ಎಲ್ಲ ಗೇಮ್ ನಡೆಯುವುದಿಲ್ಲ, ಆನ್‌ಲೈನ್ ಗೇಮ್‌ಗಳ ಕೆಲವು ಆಂಟಿ-ಚೀಟ್ (ಮೋಸದಾಟ ತಡೆಯುವ) ತಂತ್ರಾಂಶಗಳು ಇವತ್ತಿಗೂ ಬಿಡುವುದಿಲ್ಲ. ಬ್ಯಾಟರಿಯದ್ದು ಬೇರೆ ಗೋಳು. ಮೊದಲ ಡೆಕ್‌ನ 40 ವ್ಯಾಟ್-ಅವರ್ ಬ್ಯಾಟರಿ ಭಾರೀ ಗೇಮ್ ಹಾಕಿದರೆ ಎರಡು ಗಂಟೆಯಲ್ಲಿ ಖಾಲಿ. ಈ ಪಾಠ ಹೊಸದೇನಲ್ಲ. 1989ರ ನಿಂಟೆಂಡೊ ಗೇಮ್ ಬಾಯ್‌ಗೆ ಬಣ್ಣ ಇರಲಿಲ್ಲ, ಪರದೆಗೆ ಬೆಳಕೂ ಇರಲಿಲ್ಲ, ಆದರೆ ನಾಲ್ಕು ಸೆಲ್ ಹಾಕಿದರೆ ದಿನಗಟ್ಟಲೆ ಓಡುತ್ತಿತ್ತು. ಬಣ್ಣದ ಪರದೆ ಇದ್ದ ಸೆಗಾ ಗೇಮ್ ಗಿಯರ್ ಆರು ಸೆಲ್ ನುಂಗಿ ಕೆಲವೇ ಗಂಟೆಗಳಲ್ಲಿ ಸುಮ್ಮನಾಗುತ್ತಿತ್ತು. ಗೆದ್ದದ್ದು ಗೇಮ್ ಬಾಯ್ ಅಂತ ಎಲ್ಲರಿಗೂ ಗೊತ್ತು.

ಕನ್ಸೋಲ್ ದೊಡ್ಡದಾ ಪಿಸಿ ದೊಡ್ಡದಾ ಅನ್ನುವ ಜಗಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಹೆಚ್ಚುಕಡಿಮೆ ಮುಗಿದಿದೆ. ಸೋನಿಯ ಪ್ಲೇಸ್ಟೇಷನ್ 5, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸ್ಟೀಮ್ ಡೆಕ್ ಮೂರನ್ನೂ ಬಿಚ್ಚಿ ನೋಡಿದರೆ ಒಳಗೆ ಇರುವುದು ಒಂದೇ ಮನೆತನದ ಚಿಪ್, ಎಎಂಡಿಯ ಜೆನ್ 2 ಪ್ರೊಸೆಸರ್, ಆರ್‌ಡಿಎನ್‌ಎ 2 ಗ್ರಾಫಿಕ್ಸ್. ಗಾತ್ರ ಬೇರೆ, ಅಷ್ಟೇ. ಎಕ್ಸ್‌ಬಾಕ್ಸ್‌ನ ಸೀ ಆಫ್ ಥೀವ್ಸ್ ಗೇಮ್ 2024ರಲ್ಲಿ ಪ್ಲೇಸ್ಟೇಷನ್‌ಗೆ ಬಂತು, ಸೋನಿಯವರು ಹೊರತಂದ ಹೆಲ್‌ಡೈವರ್ಸ್ 2 ಮರುವರ್ಷ ಎಕ್ಸ್‌ಬಾಕ್ಸ್‌ಗೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಆಸುಸ್ ಕಂಪನಿಯ ಹ್ಯಾಂಡ್‌ಹೆಲ್ಡ್ ಪಿಸಿಯೊಂದು ಎಕ್ಸ್‌ಬಾಕ್ಸ್ ಅನ್ನುವ ಹೆಸರು ಹೊತ್ತು ಬಂತು. ಬೇಲಿ ಇತ್ತು ಅನ್ನುವುದಕ್ಕೆ ಈಗ ಕಂಬಗಳಷ್ಟೇ ಉಳಿದಿವೆ.

ಹಾಗಾದರೆ ಈ ಪತ್ರ ಯಾಕೆ ಬರೆಯುತ್ತಿದ್ದೇನೆ ಅಂದರೆ, ಯಾವ ಪೆಟ್ಟಿಗೆ ಗೆಲ್ಲುತ್ತದೆ ಅನ್ನುವ ಮಾತಿನಲ್ಲಿ ಲೇಖನ ಅಸಲಿ ಪ್ರಶ್ನೆಯನ್ನೇ ಮರೆತಿದೆ. ದುಡ್ಡು ಕೊಟ್ಟು ತಂದ ಗೇಮ್ ನನ್ನದಾ, ಅಲ್ಲವಾ?

ನನಗೇ ಆದದ್ದು ಹೇಳುತ್ತೇನೆ, ಕಂಪನಿ ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಒಂದು ಗೇಮ್ ಕೊಂಡಿದ್ದೆ. ನಾನೊಬ್ಬನೇ ಕೂತು ಆಡುತ್ತಿದ್ದೆ, ಆನ್‌ಲೈನ್ ಆಟದ ಕಡೆ ತಲೆ ಹಾಕಿರಲಿಲ್ಲ. ಒಂದು ದಿನ ತೆರೆದರೆ ‘ಸರ್ವರ್ ಸಿಗುತ್ತಿಲ್ಲ’ ಅಂತ ಬಂತು. ನೆಟ್ ಸರಿ ಇಲ್ಲವೇನೋ ಅಂತ ರೂಟರ್ ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಗೊತ್ತಾಯಿತು, ಸರ್ವರನ್ನೇ ನಿಲ್ಲಿಸಿದ್ದಾರೆ. ಫೈಲುಗಳೆಲ್ಲ ನನ್ನ ಡಿಸ್ಕಿನಲ್ಲೇ ಇವೆ, ಒಂದಕ್ಷರ ಅಳಿಸಿಲ್ಲ, ಆದರೆ ಬಾಗಿಲು ತೆಗೆಯುವವರು ಇಲ್ಲ. ಸಹಾಯವಾಣಿಗೆ ಬರೆದರೆ ‘ನಿಮ್ಮ ತಾಳ್ಮೆಗೆ ಧನ್ಯವಾದ’ ಅಂತ ಉತ್ತರ ಬಂತು.

ನನ್ನೊಬ್ಬನ ಕಥೆಯಲ್ಲ ಇದು. ಯೂಬಿಸಾಫ್ಟ್‌ನ ದಿ ಕ್ರೂ 2014ರಲ್ಲಿ ಬಂದ ಕಾರ್ ರೇಸ್ ಗೇಮ್, 2024ರ ಮಾರ್ಚ್ ಕೊನೆಗೆ ಸರ್ವರ್ ನಿಲ್ಲಿಸಿದರು. ಒಬ್ಬರೇ ಆಡುವ ಭಾಗವೂ ಸತ್ತುಹೋಯಿತು. ಡಿಸ್ಕ್ ಇಟ್ಟುಕೊಂಡವರಿಗೆ ಉಳಿದದ್ದು ಟೀ ಲೋಟದ ಕೆಳಗೆ ಇಡುವ ಪ್ಲೇಟು. ಆಮೇಲೆ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಚಳವಳಿ ಶುರು ಮಾಡಿದರು. ಯುರೋಪಿಯನ್ ಒಕ್ಕೂಟಕ್ಕೆ ಕೊಡುವ ಮನವಿಗೆ 2025ರ ಜುಲೈನಲ್ಲಿ 10 ಲಕ್ಷಕ್ಕಿಂತ ಹೆಚ್ಚು ಸಹಿ ಬಿದ್ದವು. ಅವರು ಕೇಳುತ್ತಿರುವುದು ಸರ್ವರನ್ನು ಶಾಶ್ವತವಾಗಿ ಓಡಿಸಿ ಅಂತ ಅಲ್ಲ. ನಿಲ್ಲಿಸುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತ, ಅಷ್ಟೇ. ಆಗದ ಕೆಲಸವೇ? ಅದೇ ಕಂಪನಿ 2025ರಲ್ಲಿ ದಿ ಕ್ರೂ 2ಕ್ಕೆ ಆಫ್‌ಲೈನ್ ಆಡುವ ದಾರಿ ಮಾಡಿಕೊಟ್ಟಿತು. ಮನಸ್ಸು ಮಾಡಿದರೆ ಆಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಇದೆ. ಕಂಪನಿ ವಾಪಸ್ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕಿಗೆ ‘ಕೊಳ್ಳಿ’ ಅಂತ ಬಟನ್ ಇಡಬೇಕಾದರೆ, ಸಿಗುವುದು ಲೈಸೆನ್ಸ್ ಮಾತ್ರ ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ವಾಲ್ವ್ ಕಂಪನಿಯ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್ ಆಗಲೇ ದುಡ್ಡು ಕಟ್ಟುವ ಪುಟದಲ್ಲಿ ಆ ಸಾಲು ಹಾಕಿದೆ. ಒಂದು ಸಾಲು ಓದಿ ಎಷ್ಟು ಜನ ಬೆಚ್ಚಿಬಿದ್ದರು! ಇಪ್ಪತ್ತು ವರ್ಷದಿಂದ ಹಾಗೇ ಇತ್ತು ಸ್ವಾಮಿ, ನಾವು ಯಾರೂ ಓದಿರಲಿಲ್ಲ.

ಕನ್ಸೋಲ್‌ನವರೂ ಅದೇ ದಾರಿ. 2024ರ ಪ್ಲೇಸ್ಟೇಷನ್ 5 ಪ್ರೊ ಡಿಸ್ಕ್ ಡ್ರೈವ್ ಇಲ್ಲದೆ ಬಂತು, ಬೇಕಾದರೆ ಬೇರೆ ಕೊಳ್ಳಬೇಕು. 2025ರ ಸ್ವಿಚ್ 2ರಲ್ಲಿ ಕೆಲವು ಗೇಮ್‌ಗಳು ‘ಗೇಮ್-ಕೀ ಕಾರ್ಡ್’ ರೂಪದಲ್ಲಿ ಬರುತ್ತವೆ. ಕಾರ್ಡ್ ಇದೆ, ಅದರೊಳಗೆ ಗೇಮ್ ಇಲ್ಲ, ಡೌನ್‌ಲೋಡ್ ಮಾಡಿಕೊಳ್ಳುವುದಕ್ಕೆ ಕೀಲಿ ಮಾತ್ರ ಇದೆ. ಬೇರೆಯವರಿಗೆ ಮಾರಬಹುದು, ಎರವಲು ಕೊಡಬಹುದು, ಅಷ್ಟು ಒಳ್ಳೆಯದು. ಆದರೆ ಡೌನ್‌ಲೋಡ್ ಸರ್ವರ್ ನಿಂತ ದಿನ ಅದು ಪ್ಲಾಸ್ಟಿಕ್ ಚೂರು. ಸರ್ವರ್ ಯಾಕೆ ನಿಲ್ಲುತ್ತದೆ ಅನ್ನಬೇಡಿ. ನಿಂಟೆಂಡೊದ ಹಳೇ ಯಂತ್ರಗಳಾದ ವೀ ಯು ಮತ್ತು 3ಡಿಎಸ್‌ನ ಅಂಗಡಿ 2023ರ ಮಾರ್ಚ್‌ನಲ್ಲಿ, ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈನಲ್ಲಿ ಮುಚ್ಚಿದವು. ಕೊಂಡಿದ್ದನ್ನು ಮತ್ತೆ ಇಳಿಸಿಕೊಳ್ಳುವುದಕ್ಕೆ ಸದ್ಯ ಬಿಟ್ಟಿದ್ದಾರೆ. ಸದ್ಯಕ್ಕೆ ಮಾತ್ರ.

ತಿಂಗಳ ಚಂದಾ ಕಟ್ಟಿ ನೂರಾರು ಗೇಮ್ ಆಡಿ ಅನ್ನುವ ಸೇವೆಗಳು ಶುರುವಿನಲ್ಲಿ ಬಹಳ ಅಗ್ಗ. ನಾನೂ ಕಟ್ಟಿದ್ದೆ, ಸುಮ್ನೆ ಸುಳ್ಳು ಯಾಕೆ ಹೇಳಲಿ. ಆದರೆ ಅಂಥದ್ದೇ ಸೇವೆಯಾದ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನ ದೊಡ್ಡ ಪ್ಲಾನಿನ ಚಂದಾ ಅಮೆರಿಕದಲ್ಲಿ 2025ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಬಾಡಿಗೆ ಮನೆಯಲ್ಲಿ ಇರುವವರಿಗೆ ಈ ಅನುಭವ ವಿವರಿಸಬೇಕಿಲ್ಲ.

ಹಳೆಯದೆಲ್ಲ ಚಿನ್ನ ಅಂತ ನಾನು ವಾದಿಸುತ್ತಿಲ್ಲ. ನನ್ನ ಹತ್ತಿರ ಹಳೇ ಗೇಮ್ ಬಾಯ್ ಕಾರ್ಟ್ರಿಜ್ ಇವೆ, ಹಾಕಿದರೆ ಇವತ್ತಿಗೂ ಓಡುತ್ತವೆ. ಆದರೆ ಕೆಲವು ಕಾರ್ಟ್ರಿಜ್ ಒಳಗೆ ಆಟದ ಸೇವ್ ಉಳಿಸುವ ಪುಟ್ಟ ಬ್ಯಾಟರಿ ಇರುತ್ತದೆ, ಅದು ಸತ್ತರೆ ಅಷ್ಟೂ ದಿನ ಆಡಿದ್ದು ನೀರಲ್ಲಿ ಹೋಮ. ಈಗಿನ ಡಿಸ್ಕ್‌ಗಳಲ್ಲೂ ಎಷ್ಟೋ ಸಲ ಅರೆಬೆಂದ ಗೇಮ್ ಇರುತ್ತದೆ, ಮೊದಲ ದಿನವೇ ಪ್ಯಾಚ್ (ತಪ್ಪು ತಿದ್ದುವ ಫೈಲು) ಇಳಿಸಬೇಕು. ವ್ಯತ್ಯಾಸ ಏನೆಂದರೆ, ಆ ಬ್ಯಾಟರಿಯನ್ನು ನಾನೇ ಬೆಸುಗೆ ಹಾಕಿ ಬದಲಿಸಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಡಿಜಿಟಲ್‌ನಲ್ಲೂ ಇದು ಸಾಧ್ಯ ಅಂತ ಗಾಗ್ (GOG) ಅನ್ನುವ ಆನ್‌ಲೈನ್ ಗೇಮ್ ಅಂಗಡಿ 2008ರಿಂದ ತೋರಿಸುತ್ತಿದೆ. ಬೀಗ ಇಲ್ಲದ ಇನ್‌ಸ್ಟಾಲರ್ ಕೊಡುತ್ತಾರೆ, ನಿಮ್ಮ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ನಾಳೆ ಅವರು ಇಲ್ಲದಿದ್ದರೂ ಗೇಮ್ ಓಡುತ್ತದೆ.

ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ 87%ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲವಂತೆ. ಅವು ಕಾರ್ಟ್ರಿಜ್, ಡಿಸ್ಕ್ ಕಾಲದ ಗೇಮ್‌ಗಳು, ಯಾರದೋ ಮನೆಯ ಅಟ್ಟದಲ್ಲಾದರೂ ಒಂದು ಪ್ರತಿ ಇರುತ್ತದೆ. ಕ್ಲೌಡ್‌ನಲ್ಲಿ ಮಾತ್ರ ಇರುವ ಗೇಮ್‌ಗೆ ಅಟ್ಟ ಎಲ್ಲಿಂದ ತರುವುದು?

ಕೊನೆಗೆ ಒಂದು ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ಹೊಸ ಗೇಮ್‌ಗಳ ವಿಮರ್ಶೆ ಬಂದಾಗ ಗ್ರಾಫಿಕ್ಸ್‌ಗೆ ಇಷ್ಟು ಅಂಕ, ಸಂಗೀತಕ್ಕೆ ಇಷ್ಟು ಅಂಕ ಅಂತ ಕೊಡುತ್ತೀರಿ. ಅದರ ಪಕ್ಕ ಇನ್ನೊಂದು ಸಾಲು ಸೇರಿಸಿ: ನೆಟ್ ಇಲ್ಲದೆ ಈ ಗೇಮ್ ತೆರೆಯುತ್ತದಾ, ಇಲ್ಲವಾ. ವಿಮರ್ಶಕರು ಮಾಡಬೇಕಾದದ್ದು ಇಷ್ಟೇ, ವೈಫೈ ಆಫ್ ಮಾಡಿ ಒಮ್ಮೆ ಶುರು ಮಾಡಿ ನೋಡುವುದು. ಎರಡು ನಿಮಿಷದ ಕೆಲಸ.

ಇಂತಿ,
ನಿಮ್ಮ ಹಳೆಯ ಓದುಗ